ಸಾರಜನಕ

ಅಕ್ಕಲಕೋಟ ಸ್ಟ್ಯಾಂಡಿನ ಮೂರನೇ ಫಲಾಟಕ್ಕ
ಆರೂ ನಲವತ್ತರ ಸೊಲ್ಲಾಪುರ ಗಾಡಿ ಇನ್ನೂ ಹಚ್ಚಿಲ್ಲ.
ಸುಗಲಾ ಕಂಬಕ್ಕ ಆತು ನಿಂತಾಳ, ನಮ್ಮ ಕಾಕಾನ ಮಗಳು,
ಎಣ್ಣಿ ಸುರಿಯೋ ಎರಡು ಜಡಿ, ಹೊಸ ಚೀಲ,
ಚೀಲದಾಗ ಕಡಕ ರೊಟ್ಟಿ, ಶೇಂಗಾ ಹಿಂಡಿ,
ಪ್ಲಾಸ್ಟಿಕ್ಕಿನಾಗ ಸುತ್ತಿದ ದಾಖಲೆ.
ಇವತ್ತ ಆಕಿ ಕಾಲೇಜಿನ ಮೊದಲ ದಿನ.
"ಅಕ್ಕಾ, ಮೊದಲಽ ತಿಳಕೊಂಡಿರಬೇಕಾದ್ದು ಏನರ ಇದ್ರ
ಈಗಽ ಹೇಳಿಬಿಡು. ಆಮ್ಯಾಲ ಅಳೂದು ಬ್ಯಾಡ."

ಹೇಳಿದೆ:
ಪಾಸಿಗೆ ಎರಡು ಫೋಟೊ ಸಾಲೂದಿಲ್ಲ, ಆರು ಇಟ್ಕೊ.
ಸಂಜಿ ಐದೂಮುಕ್ಕಾಲರ ಗಾಡಿ ತಪ್ಪಿದ್ರ
ಏಳೂವರಿತನಕ ಸಾತ್ ರಸ್ತಾದಾಗ ನಿಂತು
ಬರೋ ಹೋಗೋರ ಮಾರಿ ಎಣಸಬೇಕು.
ಶಾಲಿ ದಾಖಲೆ ಕನ್ನಡದಾಗ ಅದ. ಆಫೀಸಿನಾಗ ಒಬ್ಬಾಕಿ
ಅದನ್ನ ತಲಿ ಕೆಳಗ ಮಾಡಿ ಹಿಡದು ಓದತಾಳ, ನಗಬ್ಯಾಡ.
ನಾ ನಕ್ಕಿದ್ದೆ. ನನ್ನ ಅರ್ಜಿ
ಹದಿನೇಳು ದಿನ ಎಲ್ಲಾದರ ಅಡಿಯಾಗ ಬಿತ್ತು.

ಬಾಯಿಗೆ ಬರಲಾರದ್ದು ಬ್ಯಾರೇನೋ ಇತ್ತು.

ಮೊದಲನೇ ವಾರ, ಗಾಡೇಕರ ಮೇಡಮ್ಮು
ಗಾಳಿಯೊಳಗ ಎಲ್ಲಾಕಿಂತ ಹೆಚ್ಚು ಏನದ ಅಂತ
ಇಂಗ್ಲಿಷಿನಾಗ ಕೇಳಿದ್ರು.
ಪ್ರಶ್ನಿ ಅರ್ಧ ತಿಳೀತು. ಯಾರೋ ನೈಟ್ರೋಜನ್ ಅಂದ್ರು.
ನಾ ವಹಿಯೊಳಗ ಬರಕೊಂಡೆ, ಹೊಸಾ ಪದಾರ್ಥ,
ನಮ್ಮ ನಾಗಣಸೂರಿಗೆ ಇನ್ನೂ ಬಂದಿರಲಾರದ್ದು.

ಅದು ಸಾರಜನಕ.
ಏಳನೇತ್ತಾಗ ಚನಮಲ್ಲಪ್ಪ ಗುರುಗಳು
ಹಲಗಿ ಮ್ಯಾಲ ಬರಸಿ ಬರಸಿ ಕಲಿಸಿದ್ದು,
ನೂರಕ್ಕ ಎಪ್ಪತ್ತೆಂಟು ಪಾಲು, ತಪ್ಪಿದ್ರ ಅಂಗೈ ಕೆಂಪ.
ನಿದ್ದಿಗಣ್ಣಾಗ ಎಬ್ಬಿಸಿ ಕೇಳಿದ್ರೂ ಹೇಳತಿದ್ದೆ.
ಎರಡೂ ಒಂದಽ ಅಂತ ಗೊತ್ತಾದದ್ದು
ದೀಪಾವಳಿ ಕಳದ ಮ್ಯಾಲ, ಕ್ಯಾಂಟೀನಿನಾಗ,
ಬಾಯಿತುಂಬ ಪೋಹೆ ಇದ್ದಾಗ.
ನುಂಗಬೇಕೋ ಉಗುಳಬೇಕೋ ತಿಳೀಲಿಲ್ಲ.
ಅಷ್ಟೂ ತಿಂಗಳು ಕಡೀ ಬಾಕಿನ ಮ್ಯಾಲ
ದಡ್ಡಿ ಅಂತ ಕುಂತಿದ್ದೆ,
ಅದನ್ನಽ ಉಸರಾಡಕೋತ.

ಲೈಬ್ರರಿ ಬಾಗಿಲ ಮುಂದ ವರ್ಷಪೂರ್ತಿ ಹಾದೀನಿ,
ಒಳಗ ಹೋಗಲಿಕ್ಕ ಯಾರದೋ ಸಹಿ ಬೇಕು ಅಂದ್ಕೊಂಡು.
ಎರಡನೇ ವರ್ಷ, ಹೊರಗ ಆಲಿಕಲ್ಲು, ನುಗ್ಗಿಬಿಟ್ಟೆ.
ಕಲಶೆಟ್ಟಿ ಸರು ಚಸ್ಮಾ ಏರಿಸಿದ್ರು: "ಯಾ ಊರವ್ವಾ ನಿಂದು?"
ಆಮ್ಯಾಲ ಒಂದೊಂದಽ ಹೊರಗ ಬಿತ್ತು.
ಕ್ಯಾಂಟೀನಿನ ಮೌಶಿ ಮನಿಯಾಗ ಕನ್ನಡ,
ಗೇಟಿನ ವಾಚಮನ್ ಬೈಯೂದು ಕನ್ನಡದಾಗ,
ಗಾಡೇಕರ ಮೇಡಮ್ಮಿನ ಅತ್ತಿ ಸಹಿತ ಚಡಚಣದಾಕಿ.
ಎಲ್ಲಾರೂ ಮರಾಠಿ ಹೊದ್ದಕೊಂಡು ಕುಂತಿದ್ರು,
ಸೊಲ್ಲಾಪುರ ಚಾದರದ ಹಂಗ ಬೆಚ್ಚಗ.
ನಾ ಒಬ್ಬಾಕಿನಽ ಥಂಡ್ಯಾಗ ನಡುಗಿದ್ದೆ.

ಹೇಳಿದ್ರ ಸುಗಲಾಗ ತಿಳೀತದೇನು?
ನನಗೂ ಹೇಳಿದ್ದಳು ಒಬ್ಬಾಕಿ, ಇದಽ ಕಂಬದ ಕೆಳಗ,
ಹೆದರಬ್ಯಾಡ ಅಂತ.
ಯಾವದಕ್ಕ ಅಂತ ಹೇಳಿರಲಿಲ್ಲ.

ಗಾಡಿ ಬಂತು. ಧೂಳು, ಡಿಸೇಲು, ನೂಕಾಟ.
ಕಿಡಕಿಯಾಗಿಂದ ಟಾವೆಲ್ಲು ಒಗದು ಸುಗಲಾ
ಎರಡು ಜಾಗಾ ಹಿಡದಾಳ, ನಾ ಹತ್ತೂದರೊಳಗ.
ಕಂಡಕ್ಟರಗ ಎದಿ ಸೆಟಿಸಿ: "ಮಾಝಾ ತಿಕೀಟ ದ್ಯಾ."
ತಿಕೀಟು ಮರಾಠಿಯಾಗ ಗಂಡೂ ಅಲ್ಲ, ಹೆಣ್ಣೂ ಅಲ್ಲ.
ಆಂವಾ ನಕ್ಕ, ಹಿಂದಿನ ಸೀಟಿನ ಹುಡುಗೋರು ನಕ್ಕರು,
ಎಲ್ಲಾರಿಗಿಂತ ಜೋರಾಗಿ ಈಕಿ ನಕ್ಕಳು.
ನನಗ ಆ ನಗು ಬರಲಿಕ್ಕ ಎರಡು ವರ್ಷ ಹಿಡದಿತ್ತು.

ಹೇಳಬೇಕಾದ್ದನ್ನ ಮತ್ತ ಚೀಲದಾಗ ಇಟ್ಕೊಂಡೆ.
ವಳಸಂಗ ದಾಟಿದ ಮ್ಯಾಲ ಆಕಿ ಕಿಡಕಿ ಪೂರ್ತಿ ಸರಿಸಿ
ಮಾರಿ ಹೊರಗ ಚಾಚಿದಳು.
"ಅಕ್ಕಾ, ಗಾಳಿ ಎಷ್ಟು ಅದ ನೋಡಽ."

ಮುಚ್ಚು, ಎಣ್ಣಿ ತಲಿ, ಧೂಳು ಕೂಡತದ,
ಅಂದೆ.