ಬರಿದಾಗಿ ಕೊಡಬಾರದು

ಚಾಮುಂಡಿಪುರಂನಿಂದ ಹೂಟಗಳ್ಳಿಗೆ ಮನೆ ಬದಲಿಸುವ ವಾರ
ತನುಜ ಇಡೀ ಅಡುಗೆಮನೆಯನ್ನು ಫೋನಿಗೆ ಇಳಿಸಿದಳು.
ಒಂದೊಂದಕ್ಕೂ ಒಂದು ಫೋಟೊ, ಒಂದು ಚೌಕದ ಚೀಟಿ,
ಚೀಟಿಯಲ್ಲಿ ಇರುವೆಸಾಲು ಕೆದರಿದ ಹಾಗೆ
ಕಪ್ಪು ಚುಕ್ಕಿ.
"ಇನ್ನು ಏನೂ ಕಳೆಯಲ್ಲ ಅಮ್ಮ,
ಕೇಳಿದರೆ ಸಾಕು, ಎಲ್ಲಿದೆ ಅಂತ ಅದೇ ಹೇಳತ್ತೆ."
ಜಾಲರಿ ಸೌಟು ಕೇಳಿದೆ.
ಪೆಟ್ಟಿಗೆ ಹನ್ನೊಂದು, ಅಂತು.
ಹನ್ನೊಂದರ ಮೇಲೆ ಅವರಪ್ಪ ಕೂತು ಕಾಫಿ ಕುಡಿಯುತ್ತಿದ್ದರು.

ಚುಕ್ಕಿ ನನಗೆ ಹೊಸದಲ್ಲ.
ಶಿವರಾಂಪೇಟೆಯ ಪಾತ್ರೆ ಅಂಗಡಿಯ ಜಗಲಿಯಲ್ಲಿ
ಇನಾಯತ್ ಸಾಬರು ಕರೆಂಟಿನ ಮೊಳೆ ಹಿಡಿದು
ಟುರ್ರ್ ಟುರ್ರ್ ಎಂದು
ಅಕ್ಷರಕ್ಕೆ ನಾಲ್ಕಾಣೆಯಂತೆ ಕುಟ್ಟಿಕೊಟ್ಟಿದ್ದರು ನನ್ನ ಹೆಸರು.
ದುಡ್ಡು ಉಳಿಯಲೆಂದು ಅಪ್ಪ ಇನಿಷಿಯಲ್ ಬಿಡಿಸಿದರು.
ಅದಕ್ಕೇ ನನ್ನ ಕೊಳದಪ್ಪಲೆಯ ಮೇಲೆ ನಾನು
ಯಾರ ಮಗಳೂ ಅಲ್ಲ, ಯಾರ ಹೆಂಡತಿಯೂ ಅಲ್ಲ,
ಬರೀ ಸುಗುಣ.

ಇನ್ನೂರ ಹದಿನಾಲ್ಕನೆಯದು ಹಿಡಿಕೆಯ ಸ್ಟೀಲ್ ಡಬ್ಬಿ,
ಮುಚ್ಚಳ ತುಸು ಸೊಟ್ಟ.
ಆ್ಯಪು ಕೇಳುತ್ತದೆ: ಬೆಲೆ? ಕೊಂಡ ದಿನ? ಯಾರದು?
ತನುಜ ಡಬ್ಬಿಯನ್ನು ಬೆಳಕಿಗೆ ಹಿಡಿದು ಓದಿದಳು,
"ಸಿದ್ದಾಜಮ್ಮ, ಎಂಬತ್ತೆಂಟು. ಯಾರಮ್ಮ?"

ಒಂಟಿಕೊಪ್ಪಲಿನ ವಠಾರದಲ್ಲಿ ಮಹಡಿಯ ಮೇಲಿದ್ದರು.
ನೀನು ಹೊಟ್ಟೆಯಲ್ಲಿದ್ದೆ, ನಿಮ್ಮಪ್ಪನ ಕಾರ್ಖಾನೆಗೆ ಬೀಗ ಬಿದ್ದಿತ್ತು.
ಹುರುಳಿಕಾಳಿನ ಉಪ್ಸಾರು ಬೇಕೆಂದು
ನಾನು ಬಾಯಿಬಿಟ್ಟು ಹೇಳಿರಲಿಲ್ಲ.
ತಂದಿಟ್ಟರು, ಖಾರ ಬೇರೆ ಎಲೆಯಲ್ಲಿ ಸುತ್ತಿ.

ಡಬ್ಬಿಯನ್ನು ಬರಿದಾಗಿ ಹಿಂದಿರುಗಿಸಬಾರದು.
ಒಂದು ಹಿಡಿ ಸಕ್ಕರೆ, ಇಲ್ಲ ಒಂದಚ್ಚು ಬೆಲ್ಲ,
ಏನಿಲ್ಲದಿದ್ದರೂ ನಾಕು ಕಾಳು ಅಕ್ಕಿ.
ನಾಕು ಕಾಳು ಕೊಡಲು ನನಗೇ ಮನಸ್ಸಾಗಲಿಲ್ಲ.
ಸಂಬಳ ಬಂದ ಮೇಲೆ ಅಂದೆ.
ಬಂದ ಮೇಲೆ, ಹಬ್ಬಕ್ಕೆ ಒಬ್ಬಟ್ಟು ಹಾಕಿಯೇ ಕೊಟ್ಟರಾಯಿತು ಅಂದೆ.
ಹೀಗೆ ಕೊಡುವುದನ್ನು ದೊಡ್ಡದು ಮಾಡುತ್ತ ಮಾಡುತ್ತ
ಕೊಡದೇ ಉಳಿದೆ.
ಗೌರಿಹಬ್ಬದ ಹೊತ್ತಿಗೆ ಮಹಡಿ ಖಾಲಿ.
ಪಾಂಡವಪುರದ ಕಡೆ, ಮಗಳ ಊರಿಗೆ ಅಂತ ಯಾರೋ ಅಂದರು.

ಒಂದು ಸಲವೂ ಕೇಳಲಿಲ್ಲ ಅವರು.
ಮೆಟ್ಟಿಲಿಳಿಯುವಾಗ ನನ್ನ ಕಿಟಕಿಯ ಕಡೆ ನೋಡುತ್ತಿರಲಿಲ್ಲ,
ನನಗೆ ನಾಚಿಕೆಯಾದೀತೆಂದು.
ಅಂದಿನಿಂದ ಅದರಲ್ಲಿ ಮೆಂತ್ಯ ಇಟ್ಟಿದ್ದೇನೆ.

"ಹಾಗಾದರೆ ಎರವಲು ಅಂತ ಹಾಕಲಾ?"
ಅದಕ್ಕೂ ಒಂದು ಜಾಗವಿದೆಯಂತೆ.
ವಾಪಸು ಕೊಡುವ ದಿನ ತುಂಬಿದರೆ
ಹಿಂದಿನ ದಿನವೇ ಗಂಟೆ ಬಾರಿಸುತ್ತದಂತೆ.
ದಿನ ಯಾವುದು ಹೇಳಲಿ?
ತನುಜ ಅದನ್ನು ಹಾಗೇ ಬಿಟ್ಟಳು.

ಈಗ ಆ ಚೀಟಿಗೆ ಫೋನು ಹಿಡಿದರೆ ಬರುತ್ತದೆ:
ಯಾರದು, ಸಿದ್ದಾಜಮ್ಮ.
ಯಾರ ಹತ್ತಿರ, ಸುಗುಣ.
ನಮ್ಮಿಬ್ಬರ ಹೆಸರು ಒಂದೇ ಪರದೆಯ ಮೇಲೆ,
ಒಂದೇ ವಠಾರದ ಹಾಗೆ,
ಅವರು ಮೇಲೆ, ನಾನು ಕೆಳಗೆ.

ಮೆಂತ್ಯ ಸುರಿದು, ತೊಳೆದು, ಬಿಸಿಲಿಗಿಟ್ಟು
ಕತ್ತಿನವರೆಗೂ ಸಕ್ಕರೆ ತುಂಬಿದೆ.
ಇನ್ನೂರ ಹದಿಮೂರು ಸಾಮಾನು ಲಾರಿಯಲ್ಲಿ ಹೋದವು.
ಇದೊಂದು ಆಟೋದಲ್ಲಿ, ನನ್ನ ತೊಡೆಯ ಮೇಲೆ.
ಹೂಟಗಳ್ಳಿಯವರೆಗೆ ಎಷ್ಟೊಂದು ಹಂಪು.
ಸೊಟ್ಟ ಮುಚ್ಚಳವನ್ನು ಅಂಗೈಯಿಂದ
ಒತ್ತಿ ಹಿಡಿದೇ ಇದ್ದೆ.