ಕೆಂಪು ಗೀಟು

ಔಲುವಿನಲ್ಲಿ ಮಧ್ಯಾಹ್ನ ಮೂರಕ್ಕೇ ಕತ್ತಲು.
ಶೆಡ್ಡಿನಲ್ಲಿ ಸ್ಪಾನರು ಮುಟ್ಟಿದರೆ ಬೆರಳಿಗಂಟುವ ಚಳಿ,
ಅದಕ್ಕೇ ನಾಲ್ಕೂ ಕಾರ್ಬ್ಯುರೇಟರು
ಅಡುಗೆಮನೆಯ ಮೇಜಿನ ಮೇಲೆ, ಹಳೆ ಟವೆಲು ಹಾಸಿ.
ಎನ್ಸಿಯೊ ಏನೂ ಅನ್ನಲಿಲ್ಲ,
ಕಾಫಿ ಲೋಟ ಎತ್ತಿಕೊಂಡು ಕಿಟಕಿಯ ಬಳಿ ಹೋದ.

ಎಂಬತ್ತೊಂಬತ್ತರ ಗಾಡಿ.
ಇಪ್ಪತ್ತೆರಡು ವರ್ಷದ ಹಿಂದೆ ನಾನೇ ಮಾರಿದ್ದು.
ಹೋದ ತಿಂಗಳು ಕೆಮಿಯಲ್ಲಿ, ಮೀನು ಮಾರುವವನ ಗೋದಾಮಿನಲ್ಲಿ
ನಂಬರು ನೋಡಿ ಗುರುತು ಹಿಡಿದು ತಂದೆ.
ಮೈಮೇಲೆ ಎಷ್ಟು ಬಣ್ಣ!
ಉಜ್ಜಿದರೆ ಕಪ್ಪು, ಕಪ್ಪಿನಡಿ ಹಸಿರು,
ಹಸಿರಿನಡಿ ಯಾರೋ ಬಿದ್ದ ತಗ್ಗು, ತಗ್ಗಿನ ತುಂಬ ಪುಟ್ಟಿ.
ಒಡೆದ ಫೇರಿಂಗಿಗೆ ತಂತಿಯ ಹೊಲಿಗೆ.
ಕಟ್ಟಿದ ಜೆಟ್ಟಿಗೆ ಗಿಟಾರಿನ ಸಣ್ಣ ತಂತಿ ತೂರಿಸಿ
ದೀಪಕ್ಕೆ ಹಿಡಿದೆ:
ಸಾಸಿವೆಗಿಂತ ಚಿಕ್ಕ ಬೆಳಕು.

ಸತಾಯಿಸಿದ್ದು ಒಂದೇ ಬೋಲ್ಟು,
ಕ್ಲಚ್ ಮುಚ್ಚಳದ ಕೆಳಗಿನದು.
ಆರು ಮೂಲೆಯೂ ಸವೆದು ತಲೆ ಗುಂಡಗೆ.
ಬಿಸಿ ಕೊಟ್ಟೆ, ಎಣ್ಣೆ ಕುಡಿಸಿದೆ, ಒಂದು ರಾತ್ರಿ ಬಿಟ್ಟು ನೋಡಿದೆ,
ಜಪ್ಪಯ್ಯ ಅನ್ನಲಿಲ್ಲ.
ಯಾವ ಅಡ್ಡಕಸುಬಿ ಬಿಗಿದನೋ ಎಂದು
ಅವನ ಏಳು ತಲೆಮಾರು ಸೇರಿಸಿ ಬೈದೆ.
ಜಿಡ್ಡು ಒರೆಸಿದರೆ ಅಂಚಿಗೊಂದು ಗೀಟು:
ಕೆಂಪು. ನೇಲ್ ಪಾಲಿಶ್.

ಬೋಲ್ಟು ಸಡಿಲಾದರೆ ತಿಳಿಯಲೆಂದು
ಹಾಗೆ ಗೀಟೆಳೆಯುತ್ತಿದ್ದವಳು ನಾನು.
ಹತ್ತೊಂಬತ್ತು ವರ್ಷ. ಅಪ್ಪನ ಸ್ಪಾನರು.
ರಸ್ತೆಯಲ್ಲಿ ಏನಾದರೂ ಕಳಚಿಬಿದ್ದೀತೆಂಬ ಭಯಕ್ಕೆ
ಬಿಗಿದದ್ದೇ ಬಿಗಿದದ್ದು,
ಮುಂದೆ ಯಾರಾದರೂ ಬಿಚ್ಚಬೇಕಾದೀತೆಂಬ ಯೋಚನೆಯಿಲ್ಲದೆ.

"ಬಂತಾ?" ಅಂದ ಎನ್ಸಿಯೊ.
"ಇಲ್ಲ, ಹುಡುಗಿ ಬಿಡ್ತಿಲ್ಲ."

ಡ್ರಿಲ್ಲು ಎತ್ತಿದವಳು ಕೆಳಗಿಟ್ಟೆ.
ಇನ್ನೊಂದು ರಾತ್ರಿ
ಎಣ್ಣೆಯಲ್ಲಿ ನೆನೆಯಲಿ.