ಎರಡು ಹಿಡಿಕೆಯ ಬಿಲ್ಲು

ಫೋಮ್ ಕತ್ತರಿಸುವ ಬಿಲ್ಲಿಗೆ ಎರಡು ಹಿಡಿಕೆ.
ಒಂದು ನನ್ನದು, ಇನ್ನೊಂದು ಇಥೆಲ್‌ನದು.
ನಡುವೆ ಒಂದು ಗಜ ನೈಕ್ರೋಮ್ ತಂತಿ,
ಹಳೇ ಕಾರಿನ ಬ್ಯಾಟರಿಯಿಂದ ಬಿಸಿಯೇರಿ
ಕೆಂಪಾಗಲು ಇನ್ನೇನು ಎನ್ನುವಲ್ಲಿ ನಿಂತಿದೆ.

ದಿಮ್ಮಿಯ ಎರಡೂ ತುದಿಗೆ ಪ್ಲೈವುಡ್ ಅಚ್ಚು,
ಅಂಚಿನುದ್ದಕ್ಕೂ ಪೆನ್ಸಿಲ್ಲಿನ ಹತ್ತು ಗೀಟು.
ರೆಕ್ಕೆಯ ಬುಡ ಅಗಲ, ತುದಿ ಕಿರಿದು;
ಬುಡದಲ್ಲಿ ಅವನು ಬೇಗ ಬರಬೇಕು,
ತುದಿಯಲ್ಲಿ ನಾನು ಕಾಯಬೇಕು,
ಒಂದೇ ಗೀಟನ್ನು ಒಂದೇ ಉಸಿರಿಗೆ ಮುಟ್ಟಬೇಕು.
ಒಬ್ಬ ಅವಸರಪಟ್ಟರೆ ರೆಕ್ಕೆ ತಿರುಚುತ್ತದೆ,
ಒಬ್ಬ ತಡೆದರೆ ತಂತಿ ನಿಂತಲ್ಲೇ ಗುಳಿ ತೋಡುತ್ತದೆ.

ಅದಕ್ಕೇ ಎಣಿಸುತ್ತೇವೆ.
ಈನ್, ಎನ್ನುತ್ತೇನೆ. ಈನ್, ಎನ್ನುತ್ತಾನೆ.
ದೈ. ದೈ.
ಟ್ರಿ, ಪೆದ್ವಾರ್, ಪಿಂಪ್...
ಚಾಪೆಲ್ಲಿನ ಭಾನುವಾರದ ಶಾಲೆಯಲ್ಲಿ
ಒಂದೇ ಬೆಂಚಿನಲ್ಲಿ ಕೂತು ಕಲಿತ ವೆಲ್ಷ್ ಅಂಕಿ.
ಹತ್ತಕ್ಕೆ ತಂತಿ ಹೊರಬೀಳುತ್ತದೆ.
ಅಲ್ಲಿಗೆ ನಮ್ಮ ಸಂಭಾಷಣೆ ಮುಗಿಯಿತು.

ಎಂಬತ್ತೈದರ ಫೆಬ್ರವರಿ, ಮುಷ್ಕರದ ಹನ್ನೆರಡನೇ ತಿಂಗಳು.
ಗಣಿಯ ಗೇಟಿನ ಹೊರಗೆ ನಾವು,
ಕಿಟಕಿಗೆ ಜಾಲರಿ ಬಿಗಿದ ಬಸ್ಸು ಒಳಗೆ ಹೋಯಿತು.
ಮಿಕ್ಕವರು ತಲೆ ತಗ್ಗಿಸಿ ಕೂತಿದ್ದರು. ಇವನೊಬ್ಬ
ನೆಟ್ಟಗೆ ಕೂತಿದ್ದ. ಗುರುತು ಸಿಕ್ಕಿದ್ದೇ ಅದರಿಂದ.
ಇನ್ನು ಮೂರು ವಾರ ತಾಳಿದ್ದರೆ
ಎಲ್ಲರೂ ಒಟ್ಟಿಗೇ ಸೋಲುತ್ತಿದ್ದೆವು.

ಯಾಕೆ ಹೋದೆ ಅಂತ ಕೇಳಲಿಲ್ಲ.
ಕೇಳಿದ್ದರೆ ಹೇಳುತ್ತಿದ್ದನೇನೋ.
ಗಣಿ ಮುಚ್ಚಿತು. ಕಲ್ಲಿದ್ದಲ ಕಸದ ದಿಬ್ಬದ ಮೇಲೆ ಹುಲ್ಲು ಬಂತು.
ಅವನ ಹೆಂಡತಿಯನ್ನು ಒಯ್ಯುವಾಗ
ಟೋಪಿ ತೆಗೆದು ರಸ್ತೆಯ ಆಚೆ ಬದಿಗೇ ನಿಂತೆ.
ಮಾತು ಬಿಟ್ಟಿದ್ದೇವೆ. ಲೆಕ್ಕ ಬಿಟ್ಟಿಲ್ಲ.

ಆದರೆ ಊರಲ್ಲಿ ಗ್ಲೈಡರ್ ಹಾರಿಸುವವರು ಇಬ್ಬರೇ ಉಳಿದೆವು,
ಬಿಲ್ಲಿಗೆ ಇದೆಲ್ಲ ತಿಳಿಯದು.
ತಂಗಿ ನೆಸ್ಟ ಚೀಟಿ ಒಯ್ದಳು: ಶನಿವಾರ, ಹತ್ತು ಗಂಟೆ,
ಇನ್ನೊಂದು ತುದಿ ಖಾಲಿ ಇದೆ.

ಈ ಸಲದ್ದು ಹೀಗಿದೆ: ಬೆನ್ನಿಗೆ ಕಾರ್ಬನ್ ಕಡ್ಡಿ,
ಮೈಗೆಲ್ಲ ಪಾರ್ಸೆಲ್ಲಿನ ಕಂದು ಟೇಪು,
ಜೀರುಂಡೆ ಕೆಮ್ಮಿದಂತೆ ಎರಡು ಸರ್ವೋ.
ತೋರುಬೆರಳುಗಳ ಮೇಲಿಟ್ಟು ತೂಗಿದೆ. ಬಾಲ ಭಾರ.
ಗಾಳದ ಸೀಸದ ಗುಂಡು ಮೂತಿಗೆ ತುರುಕಿದೆ,
ಒಂದು, ಇನ್ನೊಂದು, ಹಲ್ಲಿನಿಂದ ಕಚ್ಚಿದ ಅರ್ಧ.
ನೋಡಲು ಯಾರೋ ತುಳಿದ ಶೂ ಪೆಟ್ಟಿಗೆ.

ಗುಡ್ಡದಂಚು. ಪಡುವಣ ಗಾಳಿ ಕಣಿವೆ ದಾಟಿ ಬಂದು
ಇಳಿಜಾರಿಗೆ ಹಾಯ್ದು, ಬೇರೆ ದಾರಿ ಕಾಣದೆ
ಮೇಲಕ್ಕೇರುತ್ತದೆ. ನಮ್ಮ ಇಂಜಿನ್ ಅಷ್ಟೇ.
ಎಸೆದೆ. ಬಿತ್ತು, ಬಿತ್ತು,
ಬೀಳುತ್ತಿದ್ದದ್ದು ಮರೆತುಹೋದಂತೆ ಏರಿತು.
ಚಾಣವೊಂದು ಪಕ್ಕದಲ್ಲೇ ರೆಕ್ಕೆ ನಡುಗಿಸುತ್ತ ನಿಂತು
ಟೇಪಿನ ಮೇಲಿನ ಬರಹ ಓದಿ ಹೋಯಿತು.

ಆಸೆಬುರುಕ ನಾನು. ಇನ್ನೊಂದು ಸುತ್ತು ಎಂದು
ತೀರಾ ಕೆಳಗಿಳಿಸಿದೆ; ಅಂಚಿನಡಿ ಮರೆಯಾಯಿತು.
ಕೈಯಲ್ಲಿ ರಿಮೋಟು, ಎದುರಿಗೆ ಬರೀ ಆಕಾಶ.
ಇಥೆಲ್ ಕೆಳಗೆ ಮುಳ್ಳುಪೊದೆಗಳ ಹತ್ತಿರ
ತನ್ನ ಸರದಿಗೆ ಕಾಯುತ್ತಿದ್ದ. ಅವನಿಗೆ ಕಾಣುತ್ತಿತ್ತು.
ನನಗೆ ಕಂಡದ್ದು ಅವನ ಬೆನ್ನು,
ಬಸ್ಸಿನಲ್ಲಿದ್ದ ಹಾಗೇ, ನೆಟ್ಟಗೆ.

"ಎಡಕ್ಕೆ," ಎಂದ.

ಅದು ಅಂಕಿಯಲ್ಲ.

ಎಡಕ್ಕೆ ತಿರುಗಿಸಿದೆ.
"ಇನ್ನೂ."
ತಿರುಗಿಸಿದೆ.
"ಮೂತಿ ಎತ್ತು. ಎತ್ತೋ, ಎಮ್ಲಿನ್!"

ಅಂಚಿನಿಂದ ಮೊದಲು ಟೇಪಿನ ಮೂಗು, ಆಮೇಲೆ ರೆಕ್ಕೆ;
ತಲೆಯ ಮೇಲೆ ಶಿಳ್ಳೆ ಹಾಕುತ್ತ ದಾಟಿ
ಕುರಿಯೊಂದರ ಬೆನ್ನಿಗೆ ತಗುಲಿ, ಪುಟಿದು,
ಜರೀಗಿಡಗಳಲ್ಲಿ ತಲೆಕೆಳಗಾಗಿ ಕೂತಿತು.
ಕುರಿ ಇಬ್ಬರನ್ನೂ ಒಮ್ಮೆ ನೋಡಿ
ಮತ್ತೆ ಮೇಯತೊಡಗಿತು.

ಉಪಕಾರವಾಯಿತು ಎನ್ನಲಿಲ್ಲ.
ಎಡರೆಕ್ಕೆಯ ಮೂಲೆ ಮುಕ್ಕಾಗಿದೆ, ಎಂದೆ.
ಶನಿವಾರ ಹತ್ತಕ್ಕೆ ಬಾ, ಎಂದೆ.
ಚೀಟಿ ಒಯ್ಯಲು
ನೆಸ್ಟ ಊರಲ್ಲಿರಲಿಲ್ಲ.